ಗೊಬ್ಬರ ಹಾಕದ ಅರ್ಧ ಎಕರೆ

ನೀಲಕ್ಕ ದೇವಿಕೊಪ್ಪದಿಂದ ತಿರ್ಲಾಪುರಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಮಗಳನ್ನು ಹೆತ್ತು, ಬೆಳೆಸಿ, ಮದುವೆ ಮಾಡಿಕೊಟ್ಟಿದ್ದಳು. ಮಾವ ತೀರಿಕೊಂಡು ಹೊಲ ಪಾಲಾದ ಮೇಲೆ, ತಮ್ಮ ಪಾಲಿನ ಕರಿ ಮಣ್ಣಿನ ಎರಿ ಹೊಲವನ್ನು ಒಬ್ಬಳೇ ನಿಂತು ಮಾಡಿಕೊಂಡು ಬಂದಿದ್ದಳು. ಗಂಡ ಸಂಗನಬಸವ ನವಲಗುಂದ ಡಿಪೋದಲ್ಲಿ ಕಂಡಕ್ಟರ್. ರಜೆಯ ದಿನ ಬಂದರೆ ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕಿ, "ಛಲೋ ಐತಿ" ಎಂದು ಹೇಳಿ ಮನೆಗೆ ಹೋಗಿ ಮಲಗುವ ಮನುಷ್ಯ. ಬಿತ್ತುವುದು, ಎಡೆ ಹೊಡೆಸುವುದು, ಆಳು ಕರೆಯುವುದು ಎಲ್ಲ ನೀಲಕ್ಕನದೇ. ಆದರೂ ಮಣ್ಣಿನ ಮಾತು ಬಂತೆಂದರೆ ಊರವರ ಪಾಲಿಗೆ ಅವಳು ಇನ್ನೂ ಹೊಸ ಸೊಸೆ.

"ನಿಮ್ಮ ಕಡೆ ಮಣ್ಣ ಬ್ಯಾರೆ ಬಿಡ್ರಿ ವೈನಿ" ಎಂದು ಮೈದುನ ಕುಬೇರಪ್ಪ ಒಂದು ಮಾತು ಎಸೆದರೆ ಅಲ್ಲಿಗೆ ಎಲ್ಲ ಮುಗಿಯಿತು.

ಅದು ಸುಳ್ಳೇನೂ ಅಲ್ಲ. ದೇವಿಕೊಪ್ಪ ಕಾಡಿನ ಮಗ್ಗುಲಿನ ಊರು. ಅಲ್ಲಿ ಭತ್ತದ ಗದ್ದೆ, ಕೆಂಪು ಮಣ್ಣು. ಗುದ್ದಲಿ ಹಾಕಿದರೆ ಒಂದು ಮೊಳಕ್ಕೆ ಗರಸು ಕಣಕಣ ಎನ್ನುತ್ತದೆ. ತಿರ್ಲಾಪುರದಲ್ಲಿ ಎಷ್ಟು ಅಗೆದರೂ ಕರಿ ಮಣ್ಣೇ. ಬಂದ ಮೊದಲ ಮಳೆಗಾಲದಲ್ಲಿ ಅವಳ ಚಪ್ಪಲಿ ಹೊಲದಲ್ಲಿ ಸಿಕ್ಕಿಕೊಂಡು, ಎಳೆಯಲು ಹೋಗಿ ಉಂಗುಟ ಹರಿದು ಕೈಗೆ ಬಂದಿತ್ತು. ಆಗ ಹದಿನೈದು ವರ್ಷದ ಕುಬೇರಪ್ಪ ಬದುವಿನ ಮೇಲೆ ನಿಂತು ಹೊಟ್ಟೆ ಹಿಡಿದು ನಕ್ಕಿದ್ದ. ಈಗ ಅವನಿಗೂ ಅರ್ಧ ತಲೆ ನರೆತಿದೆ. ನಗು ನಿಂತಿದೆ, ಬುದ್ಧಿ ಹೇಳುವುದು ಶುರುವಾಗಿದೆ. ಅವನ ಹೊಲ ಇವಳ ಹೊಲದ ಬಾಜೂಕ್ಕೇ ಇದ್ದುದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಕೆಟ್ಟವನಲ್ಲ ಅವನು. ಸಂಗನಬಸವ ಡ್ಯೂಟಿಯ ಮೇಲಿದ್ದಾಗ ಇವಳಿಗೆ ಜ್ವರ ಬಂದರೆ ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ದವಾಖಾನೆಗೆ ಒಯ್ಯುವವನೂ ಅವನೇ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು, ಬೈದು ಕೈ ತೊಳೆದುಕೊಳ್ಳಬಹುದಿತ್ತು ಎಂದು ನೀಲಕ್ಕನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಆ ವರ್ಷ ಮುಂಗಾರಿಗೆ ಹೆಸರು ಹಾಕಿದ್ದಳು. ಒಳ್ಳೆಯ ಬೆಳೆ, ಕಾಯಿ ಕಪ್ಪಾಗಿ ಇನ್ನೇನು ಬಿಡಿಸಬೇಕು, ಅಷ್ಟರಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಬೆಣ್ಣಿಹಳ್ಳ ತುಂಬಿ ಹೊಲದ ತಗ್ಗಿನವರೆಗೆ ನೀರು ನಿಂತಿತು. ಗಿಡದ ಮೇಲೆಯೇ ಕಾಯಿಯೊಳಗಿನ ಕಾಳು ಮೊಳಕೆ ಒಡೆಯಿತು. ಬಿಸಿಲು ಬಿದ್ದ ದಿನ ಅತ್ತಿಗೆ ಮೈದುನ ಇಬ್ಬರೂ ಬದುವಿನ ಮೇಲೆ ನಿಂತು ತಮ್ಮ ತಮ್ಮ ಹಾಳಾದ ಹೊಲ ನೋಡುತ್ತಿದ್ದರು.

"ಬೆಳಿ ಅಂತೂ ಹೋತು" ಎಂದ ಕುಬೇರಪ್ಪ. "ಹಾಕಿದ ಗೊಬ್ಬರಾನೂ ತೊಳಕೊಂಡು ಹಳ್ಳಕ್ಕ ಹೋತ್ರಿ. ಹೊಲದಾಗ ಏನೂ ಉಳಿದಿಲ್ಲ. ಹಿಂಗಾರಿಗೆ ದುಪ್ಪಟ್ಟ ಗೊಬ್ಬರಾ ಹಾಕಬೇಕು ನೋಡ್ರಿ."

"ಎಲ್ಲಾ ಹಳ್ಳಕ್ಕ ಹೋತು ಅಂತ ನಿನಗ ಹೆಂಗ ಗೊತ್ತೋ?"

"ಎರಿ ಹೊಲದ ಗುಣಾ ಅದ ರೀ ವೈನಿ. ನಿಮ್ಮ ಕಡೆ ಮಣ್ಣ ಬ್ಯಾರೆ."

ಎದುರು ಹೇಳಲು ನೀಲಕ್ಕನ ಹತ್ತಿರ ಏನೂ ಇರಲಿಲ್ಲ. ಅದೇ ಅವಳ ದೊಡ್ಡ ಸಂಕಟ.

ಇರಮ್ ಊರಿಗೆ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಅಣ್ಣಿಗೇರಿಯ ಹುಡುಗಿ, ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹಿಂಗಾರಿ ಜೋಳ ಹಾಕುವ ಎರಿ ಹೊಲದಲ್ಲಿ ಅರ್ಧ ಎಕರೆ ಅವಳಿಗೆ ಬೇಕಿತ್ತು. ಒಂದೇ ಶರತ್ತು: ಆ ಅರ್ಧ ಎಕರೆಗೆ ಸುಗ್ಗಿಯ ತನಕ ಒಂದು ಹಿಡಿ ಗೊಬ್ಬರವನ್ನೂ ಹಾಕಬಾರದು. ಇದನ್ನು ಕೇಳಿ ಊರಲ್ಲಿ ಎಲ್ಲರೂ ನಕ್ಕು ಕಳಿಸಿದ್ದರು. ಕುಬೇರಪ್ಪನೂ ಕೈಯಾಡಿಸಿ, "ನಮ್ಮ ಹೊಲಾ ಆಟದ ಸಾಮಾನಲ್ಲವ್ವಾ" ಎಂದಿದ್ದ. ಅವನು ಒಲ್ಲೆ ಎಂದನೆಂದು ತಿಳಿದಾಗಲೇ ನೀಲಕ್ಕನ ಮನಸ್ಸು ಅರ್ಧ ಹೂಂ ಎಂದಿತ್ತು.

ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಇರಮ್ ವಿಷಯ ಬಿಡಿಸಿ ಹೇಳಿದಳು.

"ಮಳಿ ಜೋರ ಆದಾಗ ಮ್ಯಾಲಿನ ಮಣ್ಣಿನ ಸಾರಜನಕಾ ಸ್ವಲ್ಪ ಹಳ್ಳಕ್ಕ ಹೋಗ್ತೇತ್ರಿ ಅಕ್ಕಾರ. ಸ್ವಲ್ಪ ಗಾಳಿಗೂ ಹೋಗ್ತೇತಿ. ಆದ್ರ ಒಂದಿಷ್ಟು ನೀರಿನ ಜೋಡಿ ಕೆಳಗ ಇಳೀತೇತಿ. ಎರಡು ಫೂಟು, ಮೂರು ಫೂಟು, ಇನ್ನೂ ಕೆಳಗ. ಹೆಸರಿನ ಬೇರು ಅಷ್ಟು ದೂರ ಹೋಗೂದಿಲ್ಲ. ಜೋಳದ ಬೇರು ಹೋಗ್ತೇತಿ. ಹಿಂಗಾರಿಗೆ ಮ್ಯಾಲಿನ ಮಣ್ಣು ಒಣಗಿ ಹೋಗ್ತೇತಲ್ರಿ, ಬೇರು ಹಸಿ ಹುಡುಕ್ಕೊಂತ ಕೆಳಗ ಕೆಳಗ ಹೊಕ್ಕೇತಿ. ಆ ಹಸಿ ಜೋಡಿ ಕೆಳಗ ಕುಂತ ಸಾರಜನಕಾನೂ ಎಳಕೋತೇತಿ."

ನೀಲಕ್ಕನ ಕೈಯಲ್ಲಿದ್ದ ಚಹಾ ಆರಿಹೋಯಿತು. "ಅಂದ್ರ ಎಲ್ಲಾ ಹಳ್ಳಕ್ಕ ಹೋಗಿಲ್ಲ?"

"ನನ್ನ ಲೆಕ್ಕದಾಗ ಹೋಗಿಲ್ರಿ. ಎಷ್ಟು ಉಳದೇತಿ, ಅದರಾಗ ಜೋಳಾ ಎಷ್ಟು ತಗೋತೇತಿ, ಅದನ್ನ ನೋಡಬೇಕಾಗೇತಿ. ಆದ್ರ ಒಂದು ಮಾತು. ಪ್ರತಿ ವರ್ಷ ಹಿಂಗ ಸಿಗ್ತೇತಿ ಅಂತಿಲ್ಲ. ಒಂದು ಬೆಳಿ ಎಳಕೊಂಡ್ರ ಕೆಳಗಿಂದೂ ಖಾಲಿ."

"ಹೊಲಾ ತಗೋ" ಎಂದಳು ನೀಲಕ್ಕ. ಗಂಡನನ್ನೂ ಕೇಳಲಿಲ್ಲ.

ಕೆಲಸ ಶುರುವಾದ ದಿನವೇ ತೊಂದರೆ ಶುರುವಾಯಿತು. ತುದಿಗೆ ತಿರುಪಿನ ಅಲಗಿದ್ದ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ತಿರುವಿ ಇಳಿಸಿ, ಆಳದ ಮಣ್ಣು ತೆಗೆಯಬೇಕಿತ್ತು. ಎರಡು ಅಡಿಯವರೆಗೆ ಇಳಿದ ಸಲಾಕೆ ಅಲ್ಲಿಯೇ ಕಚ್ಚಿಕೊಂಡಿತು. ಮುಂದೂ ಹೋಗದು, ಹಿಂದೂ ಬಾರದು. ಇರಮ್ ಹಿಡಿಕೆಗೆ ಜೋತುಬಿದ್ದಳು, ನೀಲಕ್ಕ ಸೀರೆ ಎತ್ತಿ ಕಟ್ಟಿ ಜೋತುಬಿದ್ದಳು. ಪಕ್ಕದ ಮನೆಯ ಖಾಸಿಂಬಿ, ಕಸ ತೆಗೆಯಲು ಬಂದವಳು, ಕುರ್ಚಗಿ ಬಿಸಾಕಿ ಓಡಿ ಬಂದು ಇವರಿಬ್ಬರ ಸೊಂಟ ಹಿಡಿದು ಎಳೆದಳು. ಸಲಾಕೆ ಒಮ್ಮೆಲೇ ಬಿಟ್ಟುಕೊಂಡು ಮೂವರೂ ಹಿಂದಕ್ಕೆ ಬಿದ್ದರು. ಅಲಗಿನಲ್ಲಿ ಅಂಗೈಯಷ್ಟು ಮಣ್ಣು ಮಾತ್ರ ಬಂದಿತ್ತು.

"ಇಷ್ಟು ಮಣ್ಣಿಗೆ ಇಷ್ಟು ಕುಸ್ತಿ ಏನವ್ವಾ?" ಎಂದು ಖಾಸಿಂಬಿ ಮೈ ಜಾಡಿಸಿಕೊಂಡಳು. "ನಮ್ಮ ಹಿತ್ತಲದಾಗ ಬುಟ್ಟಿಗಟ್ಟಲೆ ಐತಿ, ತುಂಬ್ಕೊಂಡು ಹೋಗು."

ಹೀಗೆ ಒಂದೊಂದು ತೂತಿಗೂ ಒಂದೊಂದು ಕುಸ್ತಿ. ಕೆಲವು ತೂತುಗಳಲ್ಲಿ ಮೂರು ಅಡಿ ಆಳಕ್ಕೆ ಸಣ್ಣ ಕೊಳವೆ ಇಳಿಸಿ, ಇರಮ್ ಒಂದು ಬಾಟಲಿಯ ನೀರನ್ನು ಜೋಪಾನವಾಗಿ ಹನಿಹನಿಯಾಗಿ ಬಿಟ್ಟಳು. ಅದು ಗುರುತಿನ ಸಾರಜನಕ ಎಂದಳು. ಗಿಡಕ್ಕೆ ಎಲ್ಲ ಸಾರಜನಕವೂ ಒಂದೇ. ಆದರೆ ಇದು ಉಳಿದದ್ದಕ್ಕಿಂತ ಕೂದಲೆಳೆಯಷ್ಟು ಭಾರ. ಮುಂದೆ ಜೋಳದ ಎಲೆಯಲ್ಲಿ ಇದು ಕಂಡರೆ ಬೇರು ಅಷ್ಟು ಆಳದಿಂದ ಎಳೆದುಕೊಂಡಿದೆ ಎಂದು ಖಾತ್ರಿ. ಅಷ್ಟು ಸಣ್ಣ ಪ್ರಮಾಣದಿಂದ ಬೆಳೆಗೇನೂ ಆಗುವುದಿಲ್ಲ, ಬರೀ ಗುರುತಿಗೆ ಎಂದೂ ಹೇಳಿದಳು. ನೀಲಕ್ಕ ಬಾಟಲಿಯನ್ನು ತಾನೇ ಹಿಡಿದು ನಿಂತಿದ್ದಳು, ಒಂದು ಹನಿಯೂ ಮೇಲೆ ಬೀಳದಂತೆ.

ಜೋಳ ಹುಟ್ಟಿ ಬಂತು. ಹೊಲದ ಉಳಿದ ಭಾಗಕ್ಕೆ ಎಲ್ಲರಂತೆ ಬಿತ್ತುವಾಗಲೇ ಗೊಬ್ಬರ ಬಿದ್ದಿತ್ತು. ಅದು ಕಡುಹಸಿರಾಗಿ ಎದ್ದಿತು. ಅರ್ಧ ಎಕರೆ ಮಾತ್ರ ತಿಂಗಳು ತುಂಬುವ ಹೊತ್ತಿಗೆ ಕೆಳಗಿನ ಎಲೆಯಿಂದ ಹಳದಿಗೆ ತಿರುಗಿತು. ದಾರಿಯ ಮಗ್ಗುಲಿನ ತುಂಡು ಅದು. ಹಾದು ಹೋಗುವವರ ಕಣ್ಣಿಗೆ ಮೊದಲು ಬೀಳುವುದೇ ಅದು.

"ಏನವ್ವಾ ನೀಲಕ್ಕಾ, ಜೋಳಕ್ಕ ಕಾಮಣಿ ಆಗೇತೇನು?" ಎಂದು ಒಬ್ಬರು. "ಸಾಲಿ ಕಲತವರ ಮಾತು ಕೇಳಿದ್ರ ಹಿಂಗ" ಎಂದು ಇನ್ನೊಬ್ಬರು. ನೀಲಕ್ಕ ಮೊದಮೊದಲು ಆಳದ ಬೇರಿನ ಮಾತು ವಿವರಿಸಲು ನೋಡಿದಳು. ಅರ್ಧಕ್ಕೇ ಜನ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಆಮೇಲಾಮೇಲೆ ದಾರಿಯಲ್ಲಿ ಯಾರಾದರೂ ಬರುವುದು ಕಂಡರೆ ಅವಳು ಬಗ್ಗಿ ಕಸ ತೆಗೆಯುವವಳಂತೆ ಮುಖ ಮರೆಸಿಕೊಂಡಳು. ಅದಕ್ಕೂ ತನ್ನ ಮೇಲೆಯೇ ಸಿಟ್ಟು ಬಂತು. ತಾನೇನು ಕಳವು ಮಾಡಿದ್ದೇನೆಯೇ?

ರಜೆಗೆ ಬಂದ ಸಂಗನಬಸವ ಬದುವಿನ ಮೇಲೆ ನಿಂತು ನೋಡಿದ. ಈ ಸಲ "ಛಲೋ ಐತಿ" ಎನ್ನಲಿಲ್ಲ.

"ಕುಬೇರಪ್ಪ ನನ್ನ ಮುಂದ ಅಂದ. ವೈನಿಗೆ ಸ್ವಲ್ಪ ಬುದ್ಧಿ ಹೇಳು ಅಂದ."

"ಮತ್ತ ಹೇಳ್ರಿ."

"ನಾ ಏನ್ ಹೇಳಲಿ? ದಿನಾ ಬಸ್ಸಿನ್ಯಾಗ ಜಗಳಾ ಬಿಡಿಸಿ ಸಾಕಾಗೇತಿ. ನಿಮ್ಮಿಬ್ಬರ ನಡುವ ನಾ ಬರೂದಿಲ್ಲ" ಎಂದು ಮನೆಯ ದಾರಿ ಹಿಡಿದ.

ನಿಜ ಹೇಳಬೇಕೆಂದರೆ ನೀಲಕ್ಕನಿಗೂ ಒಳಗೊಳಗೇ ಅಳುಕು. ದಿನವೂ ಹೊಲಕ್ಕೆ ಹೋಗಿ ಒಂದೊಂದು ಎಲೆ ಹಿಡಿದು ನೋಡುವಳು. ಮನೆಯ ಪಡಸಾಲೆಯಲ್ಲಿ ಯೂರಿಯಾದ ಅರ್ಧ ಚೀಲ ಇತ್ತು. ಒಂದು ಸಂಜೆ ಅದರ ಬಾಯಿ ಬಿಚ್ಚಿ, ಕೈ ಹಾಕಿ, ಮುಷ್ಟಿ ತುಂಬಿಕೊಂಡಳು. ಬರೀ ದಾರಿಯ ಕಡೆಯ ಎರಡು ಸಾಲಿಗೆ ಹಾಕಿದರೆ ಜನರ ಬಾಯಿ ಮುಚ್ಚುತ್ತದೆ ಎಂದು ಮನಸ್ಸು ಹೇಳಿತು. ಆಮೇಲೆ ಇರಮ್ ಆ ಕಬ್ಬಿಣಕ್ಕೆ ಜೋತುಬಿದ್ದದ್ದು ಕಣ್ಣ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಚೀಲದ ಬಾಯಿಗೆ ಬಿಗಿಯಾಗಿ ದಾರ ಕಟ್ಟಿ ಅಟ್ಟದ ಮೇಲೆ ಹಾಕಿಸಿದಳು. ಫೋನ್ ಮಾಡಿದರೆ ಇರಮ್, "ಇನ್ನೊಂದು ಹದಿನೈದು ದಿನಾ ತಡೀರಿ ಅಕ್ಕಾರ. ಬೇರು ಇಳ್ಯಾಕತ್ತೇತಿ, ಹಸಿ ಮಣ್ಣಿಗೆ ಮುಟ್ಟಲಿ" ಎಂದಳು.

ಅಷ್ಟರಲ್ಲಿ ಕಲಘಟಗಿಯಿಂದ ಮಗಳು ಐಶ್ವರ್ಯಳ ಕರೆ ಬಂತು. ಕೂಸಿಗೆ ಹೆಸರಿಡುವ ಕಾರ್ಯ, ಅವ್ವ ಬಂದು ತೊಟ್ಟಿಲು ಆರಿಸಿ ಕೊಡಿಸಬೇಕು. ನೀಲಕ್ಕ ಖಾಸಿಂಬಿಗೆ ದನ ನೋಡಿಕೊಳ್ಳಲು ಹೇಳಿ ಹೋದಳು. ಬಣ್ಣದ ತೊಟ್ಟಿಲ ಮುಂದೆ ನಿಂತಾಗಲೂ, ಬೀಗರ ಮನೆಯ ಊಟದ ಸಾಲಿನಲ್ಲಿ ಕೂತಾಗಲೂ, ಅವಳ ತಲೆಯಲ್ಲಿ ಆ ಹಳದಿ ಎಲೆಗಳೇ. ನಾಲ್ಕು ದಿನ ಇರಬೇಕಾದವಳು ಒಂದು ದಿನ ಮೊದಲೇ ಹೊರಟು ಬಂದಳು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಊರಿನಲ್ಲಿ ಇಳಿದವಳು ಮನೆಗೂ ಹೋಗದೆ ಕೈಚೀಲದೊಂದಿಗೇ ಹೊಲಕ್ಕೆ ಹೋದಳು.

ಜೋಳದ ಸಾಲಿನ ನಡುವೆ ಬಿಳಿ ಬಿಳಿ.

ಮೊದಲು ಏನೆಂದು ತಿಳಿಯಲಿಲ್ಲ. ಬಗ್ಗಿ ನೋಡಿದಳು. ಇಬ್ಬನಿಗೆ ಅರ್ಧ ಕರಗಿ, ಒಣ ಹೆಂಟೆಯ ಮೇಲೆ ಅಂಟಿಕೊಂಡ ಯೂರಿಯಾದ ಹರಳು. ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು. ಮುಂದಿನ ಸಾಲಿನಲ್ಲೂ ಇತ್ತು. ಅದರ ಮುಂದಿನ ಸಾಲಿನಲ್ಲೂ ಇತ್ತು. ಕೈಚೀಲವನ್ನು ಅಲ್ಲೇ ಬಿಟ್ಟು, ಪಕ್ಕದ ಹೊಲದಲ್ಲಿ ಜೋಳ ನೋಡುತ್ತಿದ್ದ ಕುಬೇರಪ್ಪನ ಮುಂದೆ ಹೋಗಿ ನಿಂತಳು.

"ಕುಬೇರಪ್ಪ, ನನ್ನ ಹೊಲಕ್ಕ ಯೂರಿಯಾ ಯಾರ ಹಾಕ್ಯಾರ?"

ಅವನ ಮುಖ ಅರಳಿತು. "ನಾನ ರೀ ವೈನಿ. ನಿನ್ನೆ ಸಂಜಿಮುಂದ."

"ನಿನಗ ಯಾರ ಹಾಕಂದ್ರು?"

"ಯಾರ ಅನ್ನಬೇಕ್ರಿ? ದಾರ್ಯಾಗ ಹೋಗೋ ಜನಾ ನಗಾಕತ್ತಿದ್ರು. ನಮ್ಮ ಅಣ್ಣನ ಹೊಲಾ ನೋಡಿ ಜನಾ ನಕ್ರ ನನಗ ಚಂದಾ ಕಾಣ್ತೇತೇನು? ನೀವು ಛಲಕ್ಕ ಬಿದ್ದೀರಿ, ಹಾಕೂದಿಲ್ಲ ಅಂತ ಗೊತ್ತಿತ್ತು. ನೀವು ಊರಾಗ ಇಲ್ಲದಾಗ ಮುಗಿಸೂಣು ಅಂತ ಹಾಕಿಬಿಟ್ಟೆ. ನನ್ನ ಚೀಲದ್ದ ರೀ. ಸೊಸೈಟಿ ಮುಂದ ಬಿಸಲಾಗ ಪಾಳಿ ನಿಂತು ತಂದದ್ದು." ಸ್ವಲ್ಪ ತಡೆದು ಸೇರಿಸಿದ, "ರೊಕ್ಕ ಏನೂ ಬ್ಯಾಡ."

ತನಗೆಂದು ಪಾಳಿ ನಿಂತು ತಂದ ಗೊಬ್ಬರವನ್ನು ಇವಳ ಹೊಲಕ್ಕೆ ಚೆಲ್ಲಿದವನಿಗೆ ಏನೆಂದು ಬೈಯುವುದು?

"ಹಾಕಬ್ಯಾಡ ಅಂದಿದ್ದೆ. ನೂರ ಸಲ ಹೇಳಿದ್ದೆ. ಆ ಹುಡುಗಿದು ಇಡೀ ವರ್ಷದ ಕೆಲಸಾ ಅದು!"

"ಆ ಹುಡುಗಿಗೆ ಪಗಾರ ಬರ್ತೇತ್ರಿ. ನಿಮಗ ಜೋಳಾ ಬರಬೇಕು."

"ಎಲ್ಲೀತನಕ ಹಾಕೀದಿ? ಅದನ್ನರೆ ಹೇಳು."

ಕುಬೇರಪ್ಪ ತಲೆ ಕೆರೆದುಕೊಂಡ. ಚೀಲ ತೀರುವವರೆಗೆ ಹಾಕಿದ್ದ. ಆ ತುದಿಯಲ್ಲಿ ಸ್ವಲ್ಪ ಹೊಲ ಹಾಗೇ ಉಳಿದಿತ್ತು. "ಆ ಬನ್ನಿ ಗಿಡದ ನೇರಕ್ಕ ನಿಲ್ಲಿಸಿದ್ದೆ. ಇಲ್ಲ ತಡೀರಿ, ಅದಕಿಂತ ಈಚಿ ಕಡೆ. ಕತ್ತಲಾಗಾಕತ್ತಿತ್ತು, ಸರಿ ನೆನಪಿಲ್ಲ."

ಫೋನಿನಲ್ಲಿ ಸುದ್ದಿ ಕೇಳಿ ಮರುದಿನ ಇರಮ್ ಬಂದಳು. ಸಾಲಿನಿಂದ ಸಾಲಿಗೆ ನಡೆದಳು. ಹರಳು ಕಂಡಲ್ಲೆಲ್ಲ ಕೂತು ನೋಡಿದಳು. ಇನ್ನಷ್ಟು ಇಬ್ಬನಿ ಬಿದ್ದು ಬಹುತೇಕ ಕರಗಿಹೋಗಿತ್ತು. ಎಲ್ಲಿಯವರೆಗೆ ಬಿದ್ದಿದೆ ಎನ್ನುವ ಗೆರೆ ಎಳೆಯಲು ಆಗಲಿಲ್ಲ. ಕುಬೇರಪ್ಪನನ್ನು ಕರೆತಂದು ನಿಲ್ಲಿಸಿದರು. ಅವನು ಒಮ್ಮೆ ಅಲ್ಲಿ ನಿಂತ, ಒಮ್ಮೆ ಇಲ್ಲಿ ನಿಂತ, ಕೊನೆಗೆ "ಅಂದಾಜು ಇಷ್ಟು" ಎಂದು ಕೈ ಬೀಸಿದ. ಆ ಬೀಸಿನೊಳಗೆ ಹತ್ತು ಸಾಲು ಬಂದವು.

ಇರಮ್ ಬದುವಿನ ಮೇಲೆ ಕೂತು ಮೊಣಕಾಲಿಗೆ ಹಣೆ ಇಟ್ಟಳು.

"ತಪ್ಪು ನಂದ ಐತಿ" ಎಂದಳು ನೀಲಕ್ಕ. "ಊರು ಬಿಟ್ಟು ಹೋಗಬಾರದಿತ್ತು."

"ಮಮ್ಮಗನ ಹೆಸರಿಡಾಕೂ ಹೋಗಬಾರದಂತೇನ್ರಿ?" ಇರಮ್ ತಲೆ ಎತ್ತದೆಯೇ ಹೇಳಿದಳು. "ಒಂದ ಒಂದು ಸಮಾಧಾನ ಅಂದ್ರ, ಮ್ಯಾಲ ಬಿದ್ದ ಆ ಯೂರಿಯಾ ಬೇರಿಗೆ ಮುಟ್ಟೂದ ಕಷ್ಟ. ಮ್ಯಾಲಿನ ಮಣ್ಣಾಗ ಹಸೀನ ಇಲ್ಲ. ಹಸಿ ಇಲ್ಲದ ಬೇರಿಗೆ ಏನೂ ಎಳ್ಯಾಕ ಬರೂದಿಲ್ಲ. ಬಿಸಲಿಗೆ ಅದು ಗಾಳ್ಯಾಗ ಹಾರಿ ಹೋಗ್ತೇತಿ. ಆದ್ರ ಇದನ್ನ ಯಾರ ನಂಬ್ತಾರ?"

ಯಾರೂ ನಂಬಲಿಲ್ಲ. ಯಾಕೆಂದರೆ ಅದಾಗಿ ಹದಿನೈದು ದಿನದೊಳಗೆ ಜೋಳ ಹಸಿರಾಯಿತು.

ಇರಮ್ ಹೇಳಿದ ಹೊತ್ತಿಗೆ ಸರಿಯಾಗಿ ಹಸಿರಾಯಿತು. ಮೇಲಿನಿಂದ ಒಂದು ಹನಿ ಮಳೆ ಬೀಳದೆ, ಹೊಲ ಬಿರುಕು ಬಿಡತೊಡಗಿದ ಆ ದಿನಗಳಲ್ಲಿ, ಹೊಸ ಎಲೆ ಅಗಲವಾಗಿ, ಗಾಢವಾಗಿ ಬಂತು. ಚೀಲ ತೀರಿದ ಮೇಲೆ ಉಳಿದ ಆ ತುದಿಯ ಸಾಲುಗಳೂ ಅಷ್ಟೇ ಹಸಿರಾದವು. ನೀಲಕ್ಕ ಅದನ್ನು ಎಲ್ಲರಿಗೂ ತೋರಿಸಿದಳು. "ಅಲ್ಲಿ ಯೂರಿಯಾ ಬಿದ್ದಿಲ್ಲ, ಆದ್ರೂ ನೋಡ್ರಿ!" ಎಂದಳು. ಜನ ನೋಡಿದರು. ಆ ಹೊತ್ತಿಗೆ ಕುಬೇರಪ್ಪನ ನೆನಪೂ ಹಸಿರಾಗಿತ್ತು. "ಇಲ್ಲ ಇಲ್ಲ, ಆ ಕಡೇನೂ ಒಂದೀಟು ಉಗ್ಗಿದ್ದೆ, ಈಗ ನೆನಪಾತು" ಎಂದ. ಚಹಾದ ಅಂಗಡಿಯಲ್ಲಿ ಅವನದೇ ಮಾತು. ವೈನಿಯ ಬೆಳೆ ಕೈಬಿಟ್ಟು ಹೋಗಿತ್ತು, ತಾನು ಒಂದು ಚೀಲ ಚೆಲ್ಲಿ ಉಳಿಸಿದೆ ಎಂದು. ದಾರಿಯಲ್ಲಿ ಹೋಗುವವರು ಈಗ ನೀಲಕ್ಕನಿಗೆ, "ಮೈದುನ ಇದ್ರ ಹಿಂಗ ಇರಬೇಕು ನೋಡವ್ವಾ" ಎನ್ನುತ್ತಿದ್ದರು.

ನೀಲಕ್ಕನಿಗೆ ಅನ್ನ ಸೇರದಾಯಿತು. ಬೆಳೆ ಹಾಳಾಗಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ. ಹಾಳಾಗಿದ್ದರೆ ತಾನು ತಪ್ಪಿದೆ ಎಂದು ಒಪ್ಪಿ ಸುಮ್ಮನಾಗಬಹುದಿತ್ತು. ಈಗ ತಾನು ಸರಿ ಇದ್ದೂ ತಪ್ಪಾಗಿದ್ದಳು.

ತೆನೆ ಹಿರಿಯುವ ಹೊತ್ತಿಗೆ ಅವಳು ಒಂದು ನಿರ್ಧಾರ ಮಾಡಿದಳು. ಇರಮ್‌ಗೆ ಹೇಗೂ ಬೇರು ನೋಡಬೇಕಿತ್ತು. ಇಬ್ಬರು ಆಳು ಕರೆದು, ಜೋಳದ ಸಾಲಿಗೆ ಒತ್ತಿ ಗುಂಡಿ ತೋಡಿಸಿದಳು. ಮೇಲಿನ ಗೇಣು ಮಣ್ಣು ಹಾರೆಗೆ ಕಲ್ಲಿನಂತೆ ಸಿಡಿಯಿತು. ಅದರ ಕೆಳಗೆ ಮೆತ್ತಗಾಯಿತು, ಆಮೇಲೆ ತಂಪಾಯಿತು. ಆಳುಗಳು ಎದೆಯುದ್ದ ಇಳಿದು, ಒಂದು ಗೋಡೆಯನ್ನು ನಯವಾಗಿ ಕೆತ್ತಿ ನಿಲ್ಲಿಸಿದರು. ಇರಮ್ ನೀರು ಚಿಮುಕಿಸಿ ಮೃದುವಾದ ಕುಂಚದಿಂದ ಮಣ್ಣು ತೊಳೆಯುತ್ತ ಬಂದಳು. ಮೇಲಿನ ಪದರದ ಬೇರು ಕಂದಿ, ಸುರುಟಿ, ಕೈಗೆ ಪುಡಿಯಾಗುತ್ತಿತ್ತು. ಕೆಳಗೆ ಹೋದಂತೆ ಬೇರು ಬೆಳ್ಳಗೆ, ಜೀವಂತವಾಗಿ, ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ ನುಸುಳಿ ಇಳಿದಿತ್ತು. ಗುಂಡಿಯ ತಳದಲ್ಲೂ ಇತ್ತು. ಇನ್ನೂ ಕೆಳಗೆ ಹೋಗಿತ್ತು.

ನೀಲಕ್ಕ ಗುಂಡಿಗೆ ಇಳಿದು ಆ ಬೇರಿನ ಮೇಲೆ ಬೆರಳಾಡಿಸಿದಳು. ಇಷ್ಟು ವರ್ಷ ಇದೇ ಹೊಲದಲ್ಲಿ ಜೋಳ ಕಿತ್ತಿದ್ದಾಳೆ. ಕೈಗೆ ಬಂದದ್ದು ಬುಡದ ಬೇರಿನ ಗೊಂಚಲು ಮಾತ್ರ. ಅದರ ಕೆಳಗೆ ಇಷ್ಟುದ್ದ ಇನ್ನೊಂದು ಗಿಡವೇ ಇತ್ತು ಎನ್ನುವುದು ಈಗ ಗೊತ್ತಾಯಿತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. "ಕುಬೇರಪ್ಪನ್ನ ಕರೀರಿ" ಎಂದಳು.

ಕುಬೇರಪ್ಪ ಬಂದ. ಧೋತರ ಎತ್ತಿಕಟ್ಟಿ ಗುಂಡಿಗೆ ಇಳಿದ. ಅವನೂ ರೈತ, ಬೇರು ಕಂಡವನೇ ಬಗ್ಗಿ, ತಳದ ಮಣ್ಣು ಒಂದು ಹಿಡಿ ತೆಗೆದು ಹಿಸುಕಿದ. ಉಂಡೆಯಾಯಿತು.

"ಅಬಾಬಾ. ಇಲ್ಲೀತನಕ ಬಂದೇತಲ್ರಿ."

"ಬಂದೇತಿ" ಎಂದಳು ನೀಲಕ್ಕ. "ಮ್ಯಾಲಿನ ಬೇರು ನೋಡು, ಸುಟ್ಟಂಗ ಆಗೇತಿ. ನಿನ್ನ ಯೂರಿಯಾ ಬಿದ್ದದ್ದು ಅಲ್ಲಿ. ಜೋಳಾ ಉಂಡದ್ದು ಇಲ್ಲಿ. ಈಗರೆ ತಿಳೀತಿಲ್ಲೋ?"

ಕುಬೇರಪ್ಪ ಬಹಳ ಹೊತ್ತು ಗೋಡೆ ನೋಡಿದ.

"ಬೇರು ಇಳಿದದ್ದು ಖರೆ ರೀ ವೈನಿ, ಅಡ್ಡಿ ಇಲ್ಲ" ಎಂದ ಕೊನೆಗೆ. "ಆದ್ರ ಬೇರಿಗೆ ಇಷ್ಟು ಇಳಿಯೋ ಶಕ್ತಿ ಬಂದದ್ದ ಯೂರಿಯಾದಿಂದ."

ಇರಮ್ ಗಟ್ಟಿಯಾಗಿ ನಕ್ಕುಬಿಟ್ಟಳು. ನೀಲಕ್ಕ ನಗಲಿಲ್ಲ. ಕೈಯಲ್ಲಿದ್ದ ಮಣ್ಣನ್ನು ಗುಂಡಿಯ ಗೋಡೆಗೆ ಬಿಸಾಕಿ ಮೇಲೆ ಹತ್ತಿದವಳು, ಹಿಂದೆ ತಿರುಗಿ ನೋಡದೆ ಮನೆಗೆ ಹೋದಳು.

ಸುಗ್ಗಿಯಾಯಿತು. ಅರ್ಧ ಎಕರೆಯ ಜೋಳ ಉಳಿದ ಹೊಲದಷ್ಟು ಬರಲಿಲ್ಲ. ಮೊದಲ ತಿಂಗಳ ಹಸಿವು ತೆನೆಯ ಮೇಲೆ ಕಾಣುತ್ತಿತ್ತು. ಆದರೆ ಊರವರು ಹೇಳಿದಂತೆ ಬರಿಗೈಯೂ ಆಗಲಿಲ್ಲ. ಕಾಳು ತುಂಬಿತ್ತು, ರೊಟ್ಟಿ ಬೆಳ್ಳಗೆ ಬಂದವು. ಇರಮ್ ಎಲೆಗಳನ್ನು ಒಣಗಿಸಿ, ಪುಡಿ ಮಾಡಿ, ಪರೀಕ್ಷೆಗೆ ದೂರದ ಲ್ಯಾಬಿಗೆ ಕಳಿಸಿದ್ದಳು. ಫಲಿತಾಂಶ ಬರುವಷ್ಟರಲ್ಲಿ ಮತ್ತೊಂದು ಮುಂಗಾರು ಬಂದಿತ್ತು.

"ಸಿಕ್ಕೇತ್ರಿ ಅಕ್ಕಾರ!" ಫೋನಿನಲ್ಲಿ ಇರಮ್ ಕೂಗಿದಳು. "ಮೂರು ಫೂಟ್ ಕೆಳಗ ಬಿಟ್ಟ ಸಾರಜನಕಾ ಎಲಿಯೊಳಗ ಬಂದೇತಿ. ನೀವು ಬಾಟ್ಲಿ ಹಿಡಕೊಂಡು ನಿಂತಿದ್ರಲ್ಲ, ಅದ. ಬೇರು ಅಲ್ಲಿಂದನ ಎಳಕೊಂಡೇತಿ."

ನೀಲಕ್ಕ ದನದ ಕೊಟ್ಟಿಗೆಯಲ್ಲಿ ನಿಂತಿದ್ದಳು. ಸಗಣಿ ಕೈಯಲ್ಲೇ ಫೋನ್ ಹಿಡಿದಿದ್ದಳು. "ಹಂಗಾರ ಅದನ್ನ ಬರೀತೀಯಲ್ಲ? ಎಲ್ಲಾರೂ ಓದೂ ಹಂಗ?"

"ಇಲ್ರಿ. ಮ್ಯಾಲ ಯೂರಿಯಾ ಬಿದ್ದ ಹೊಲಾ ಲೆಕ್ಕಕ್ಕ ಹಿಡಿಯಾಕ ಬರೂದಿಲ್ಲ ಅಂತ ಗೈಡ್ ಸರ್ ಅಂದ್ರು. ಅವರದೂ ತಪ್ಪಿಲ್ರಿ. ಕೆಳಗಿಂದ ಬಂದೇತಿ ಅಂತ ಹೇಳಬಹುದು. ಬೆಳಿ ಹಸರಾಗಿದ್ದು ಅದರಿಂದನ ಅಂತ ಹೇಳಾಕ ಬರೂದಿಲ್ಲ. ಈ ಸಲ ಬ್ಯಾರೆ ಕಡೆ ಹಾಕಾಕತ್ತೇನಿ. ತಂತಿ ಬೇಲಿ ಇರೋ ಹೊಲಾ."

ನೀಲಕ್ಕ "ಆತವ್ವಾ" ಎಂದಳು. ಸಂಜೆ ಕುಬೇರಪ್ಪನ ಮನೆಗೆ ಹೋಗಿ ಎಲೆಯ ಸುದ್ದಿ ಹೇಳಿದಳು. ಅವನು ಸಮಾಧಾನದಿಂದ ಕೇಳಿ, "ಮೂರು ಫೂಟ್ ಕೆಳಗಿಂದು ತಿಂದಿರಬಹುದ್ರಿ. ಮ್ಯಾಲಿಂದೂ ತಿಂದಿರಬೇಕಲ್ಲ?" ಎಂದ.

ಆ ವರ್ಷದ ಹಿಂಗಾರಿಗೆ ನೀಲಕ್ಕ ಇಡೀ ಹೊಲಕ್ಕೆ ಜೋಳ ಹಾಕಿದಳು. ಕೆಳಗಿನದು ಹಿಂದಿನ ಬೆಳೆ ಉಂಡಿರಬಹುದು ಎಂದು ಇರಮ್ ಎಚ್ಚರಿಸಿದ್ದರಿಂದ, ಬಿತ್ತುವಾಗ ಕೂರಿಗೆಯಲ್ಲಿ ಬೀಜದ ಜೊತೆ ಹಸಿ ಮಣ್ಣಿಗೆ ಬೀಳುವಂತೆ ಒಂದಿಷ್ಟು ಗೊಬ್ಬರ ಕೊಟ್ಟಳು. ಆಮೇಲೆ ಒಣ ಹೊಲದ ಮೇಲೆ ಚೆಲ್ಲುವ ಗೋಜಿಗೆ ಹೋಗಲಿಲ್ಲ. ಯಾರಿಗೂ ಏನೂ ವಿವರಿಸಲೂ ಇಲ್ಲ.

ಡಿಸೆಂಬರ್ ಬಂತು. ಪ್ರತಿ ವರ್ಷ ಆ ಹೊತ್ತಿಗೆ ಕುಬೇರಪ್ಪ ಬುಟ್ಟಿ ಹಿಡಿದು ಜೋಳಕ್ಕೆ ಯೂರಿಯಾ ಉಗ್ಗುತ್ತಿದ್ದ. ಈ ಸಲ ಉಗ್ಗಲಿಲ್ಲ. ನೀಲಕ್ಕ ಒಂದು ವಾರ ನೋಡಿದಳು, ಎರಡು ವಾರ ನೋಡಿದಳು. ಅವನ ಹೊಲದಲ್ಲಿ ಒಂದು ಬಿಳಿ ಹರಳೂ ಬೀಳಲಿಲ್ಲ. ಒಂದು ಮುಂಜಾನೆ ಬದುವಿನ ಮೇಲೆ ಇಬ್ಬರೂ ಎದುರಾದಾಗ ಕೇಳಿಯೇಬಿಟ್ಟಳು.

"ಈ ಸಲ ಯೂರಿಯಾ ಹಾಕಲಿಲ್ಲಲ್ಲೋ ಕುಬೇರಪ್ಪ?"

"ಎಲ್ಲಿ ಸಿಗ್ತೇತ್ರಿ ವೈನಿ? ಅಂಗಡ್ಯಾಗ ಮಾಲ ಇಲ್ಲ."

"ನಿನ್ನೆ ಸೊಸೈಟಿಗೆ ಹೋಗಿದ್ದೆ. ಚೀಲಾ ತೊಲಿತನಕ ಒಟ್ಯಾರ. ಪಾಳೀನೂ ಇಲ್ಲ."

"ಹೌದೇನ್ರಿ?" ಕುಬೇರಪ್ಪ ಆಶ್ಚರ್ಯದಿಂದ ಹುಬ್ಬೇರಿಸಿದ. "ನನಗ ಯಾರೂ ಹೇಳಲಿಲ್ಲ ನೋಡ್ರಿ. ಇರಲಿ, ಈಗ ತಡಾ ಆತು." ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ತನ್ನ ಜೋಳದ ಸಾಲಿನೊಳಗೆ ನುಗ್ಗಿ ಹೋದ.

ನೀಲಕ್ಕ ಅವನ ಬೆನ್ನನ್ನೇ ನೋಡುತ್ತ ನಿಂತಳು. "ಅಂದ್ರ ಬೇರಿನ ಮಾತು ನಂಬೀದಿ, ಹೌದಲ್ಲೋ?" ಎಂದು ಕೂಗಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೂಗಿದರೆ ಅವನು ನಾಳೆಯೇ ಸೊಸೈಟಿಗೆ ಹೋಗಿ ಒಂದು ಚೀಲ ತಂದು, ಅವಳ ಕಣ್ಣೆದುರಿಗೇ ಉಗ್ಗುವವನು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಚೆ ಬದಿಯಿಂದ ಖಾಸಿಂಬಿ, "ನೀಲಕ್ಕಾ, ಬಿಸಲೇರಾಕತ್ತೇತಿ, ಕಸಾ ಯಾವಾಗ ತಗ್ಯೂದವ್ವಾ?" ಎಂದು ಕೂಗಿದಳು. "ಬಂದೆ ತಡೀ ಬೇ!" ಎಂದು ಅಷ್ಟೇ ಜೋರಾಗಿ ರೇಗಿ, ಅವಳು ಬದು ಇಳಿದು ಹೋದಳು.